ಹಿಮಾಲಯದ ಸೂಜಿ ಎಲೆ ಕಾಡು: ಪುಣೆ, ಮುಂಬೈನಿಂದ ಹೋಗುವವರು ಮರ ಗುರುತಿಸೋದು ಹೇಗೆ

ಬೇಸಿಗೆ ರಜೆ ಬಂತು ಅಂದ್ರೆ ಪುಣೆ, ಮುಂಬೈ, ಗೋವಾದಲ್ಲಿರುವ ನಮ್ಮ ಕನ್ನಡದವರೂ ಮನಾಲಿ, ಶಿಮ್ಲಾ, ಕೇದಾರಕಾಂಠಾ, ಚೋಪ್ತಾ ಅಂತ ಹೊರಟುಬಿಡುತ್ತಾರೆ. ವಾಪಸ್ ಬಂದ ಮೇಲೆ ಗ್ರೂಪಿನಲ್ಲಿ ಫೋಟೋ ಬರುತ್ತದೆ. ಕೆಳಗೆ "ಪೈನ್ ಕಾಡು" ಅಂತ ಬರೆದಿರುತ್ತದೆ. ಎಷ್ಟೋ ಸಲ ಆ ಫೋಟೋದಲ್ಲಿ ಒಂದೇ ಒಂದು ಪೈನ್ ಮರವೂ ಇರುವುದಿಲ್ಲ. ದೇವದಾರು ಇರುತ್ತದೆ, ಸ್ಪ್ರೂಸ್ ಇರುತ್ತದೆ, ಫರ್ ಇರುತ್ತದೆ. ಅಷ್ಟು ದೂರ, ಅಷ್ಟು ಖರ್ಚು ಮಾಡಿಕೊಂಡು ಹೋಗಿ ಎದುರಿಗೆ ನಿಂತಿರುವ ಮರದ ಹೆಸರು ಗೊತ್ತಿಲ್ಲದೆ ಬರೋದು ಬೇಜಾರಿನ ವಿಷಯ, ಅಲ್ವಾ?

ಇದನ್ನು ಕಲಿಯೋಕೆ ಬಾಟನಿ ಓದಿರಬೇಕಿಲ್ಲ. ಒಂದು ಅಭ್ಯಾಸ ಸಾಕು. ದೂರದಿಂದ ಮರದ ಆಕಾರ ನೋಡಿ ಊಹೆ ಮಾಡಬೇಡಿ. ಹತ್ತಿರ ಹೋಗಿ, ಕೈಗೆ ಸಿಗುವ ಒಂದು ಕೊಂಬೆ ಹಿಡಿದು, ಸೂಜಿ ಎಲೆ ಕಡ್ಡಿಗೆ ಹೇಗೆ ಕೂತಿದೆ ಅನ್ನೋದನ್ನು ನೋಡಿ. ಒಂಟಿಯಾಗಿ ಕೂತಿದೆಯೋ, ಕಂತೆಯಾಗಿಯೋ, ಗೊಂಚಲಾಗಿಯೋ. ಉಳಿದದ್ದೆಲ್ಲ ಆಮೇಲೆ.

ಮೊದಲು ಮನೆ ಹತ್ತಿರವೇ ಕಣ್ಣು ಪಳಗಿಸಿಕೊಳ್ಳಿ. ಮಹಾರಾಷ್ಟ್ರದ ಸಹ್ಯಾದ್ರಿಯಲ್ಲಿ ತಾನಾಗಿ ಬೆಳೆಯುವ ಸೂಜಿ ಎಲೆ ಮರ ಇಲ್ಲ. ದಕ್ಷಿಣ ಭಾರತದ ಕಾಡುಗಳಿಗೆ ಸ್ವಂತ ಅನ್ನಬಹುದಾದ ಈ ಗುಂಪಿನ, ಅಂದರೆ ಕೋನಿಫರ್ ಗುಂಪಿನ, ಮರ ಒಂದೇ, ನಾಗೇಯಾ ವಾಲಿಚಿಯಾನಾ ಅಂತ. ಅದು ಪಶ್ಚಿಮ ಘಟ್ಟದ ದಕ್ಷಿಣ ತುದಿಯ ಕಡೆ ಸಿಗುತ್ತದೆ. ಅದರ ಎಲೆ ಎಷ್ಟು ಅಗಲ ಅಂದ್ರೆ ಇದು ಪೈನ್ ಬಳಗ ಅಂತ ಯಾರಿಗೂ ಅನಿಸುವುದಿಲ್ಲ. ಆದರೂ ನಮ್ಮ ಸುತ್ತ ಮುತ್ತ ಅಭ್ಯಾಸಕ್ಕೆ ಮೂರು ಗಿಡ ಸಿಗುತ್ತವೆ.

ಒಂದು, ಸಮುದ್ರದ ದಂಡೆಯ ಗಾಳಿಮರ. ಮರಾಠಿಯಲ್ಲಿ ಸುರು. ಗೋವಾದ ಮೀರಾಮಾರ್‌ನಲ್ಲಿ, ಅಲಿಬಾಗ್ ಕಡೆಯ ಕಾಶಿದ್ ಬೀಚಿನಲ್ಲಿ ಸಾಲುಸಾಲಾಗಿ ನಿಂತಿದೆ. ನೋಡೋಕೆ ಪಕ್ಕಾ ಪೈನ್. ಆದರೆ ಇದು ಹೂ ಬಿಡುವ ಮರ, ಪೈನ್‌ಗೂ ಇದಕ್ಕೂ ನಂಟಿಲ್ಲ. ಒಂದು "ಸೂಜಿ" ತೆಗೆದುಕೊಂಡು ಎರಡೂ ತುದಿ ಹಿಡಿದು ಮೆಲ್ಲಗೆ ಎಳೆಯಿರಿ. ಗಂಟುಗಂಟಾಗಿ ಬಿಚ್ಚಿಕೊಳ್ಳುತ್ತದೆ. ಆ ಗಂಟಿನ ಸುತ್ತ ಸಣ್ಣ ಹಲ್ಲುಗಳು ಕಾಣುತ್ತವಲ್ಲ, ಅವೇ ನಿಜವಾದ ಎಲೆ. ನೀವು ಸೂಜಿ ಅಂದುಕೊಂಡಿದ್ದು ಹಸಿರು ಕಡ್ಡಿ. ಎರಡು, ನರ್ಸರಿಗಳಲ್ಲಿ ಕ್ರಿಸ್ಮಸ್ ಟ್ರೀ ಅಂತ ಮಾರುವ ಅರಕೇರಿಯಾ. ಇದು ನಿಜವಾದ ಕೋನಿಫರ್, ಆದರೆ ಊರು ಪೆಸಿಫಿಕ್ ಸಾಗರದ ನಾರ್ಫೋಕ್ ದ್ವೀಪ. ಮೂರು, ಮಕ್ಕಳು ಪುಸ್ತಕದೊಳಗೆ ಇಟ್ಟುಕೊಳ್ಳುವ ವಿದ್ಯಾ ಗಿಡ. ಅದರ ಎಲೆ ಸೂಜಿಯಲ್ಲ, ಒಂದರ ಮೇಲೊಂದು ಒತ್ತಿಕೊಂಡ ಹುರುಪೆ. ಹಿಮಾಲಯದ ಸೈಪ್ರಸ್ ಮತ್ತು ಕೆಲವು ಜೂನಿಪರ್‌ಗಳ ಎಲೆಯೂ ಇದೇ ತರಹ. ಒಂದು ಭಾನುವಾರ ಇವಿಷ್ಟನ್ನು ಲೆನ್ಸ್ ಹಿಡಿದು ನೋಡಿದರೆ ಅರ್ಧ ಕೆಲಸ ಆದ ಹಾಗೆ. ಹತ್ತು ಪಟ್ಟು ದೊಡ್ಡದು ಮಾಡುವ ಸಣ್ಣ ಮಡಚೋ ಲೆನ್ಸ್ ಸಾಕು, ಅದನ್ನೇ ಬೆಟ್ಟಕ್ಕೂ ಒಯ್ಯಿರಿ.

ಕೊಂಬೆ ಕೈಗೆ ಬಂದ ಮೇಲೆ

ಸೂಜಿಗಳು ಬುಡದಲ್ಲಿ ಸೇರಿ ಕಂತೆಯಾಗಿ ಬಂದಿದ್ದರೆ ಅದು ಪೈನ್. ಈಗ ಒಂದು ಕಂತೆ ಕಿತ್ತು ಎಣಿಸಿ. ಐದು ಇದ್ದರೆ ಕೈಲ್, ಅಂದರೆ ಬ್ಲೂ ಪೈನ್. ಮೂರು ಇದ್ದರೆ ಸಾಮಾನ್ಯವಾಗಿ ಚೀರ್. ಚೀರ್ ಸೂಜಿ ತುಂಬಾ ಉದ್ದ, 20ರಿಂದ 30 ಸೆಂಟಿಮೀಟರ್. ಇದು ಕೆಳಗಿನ ಬೆಟ್ಟಗಳ ಮರ, ಬಸ್ಸು ಬಯಲು ಬಿಟ್ಟು ಘಾಟಿ ಹತ್ತೋಕೆ ಶುರು ಮಾಡಿದಾಗ ಮೊದಲು ಸಿಗೋದು ಇದೇ. ಇದರ ಒಣ ಸೂಜಿ ನೆಲದ ಮೇಲೆ ದಪ್ಪಗೆ ಹಾಸಿಕೊಂಡಿರುತ್ತದೆ, ಅದರಲ್ಲಿ ರಾಳ ಇರೋದರಿಂದ ಮೇ, ಜೂನ್‌ನಲ್ಲಿ ಒಂದು ಬೀಡಿ ತುಂಡು ಬಿದ್ದರೂ ಗುಡ್ಡವೇ ಹೊತ್ತಿಕೊಳ್ಳುತ್ತದೆ. ದಯವಿಟ್ಟು ಅಲ್ಲಿ ಬೆಂಕಿ ಹಾಕಬೇಡಿ. ಕಿನ್ನೌರ್ ಕಡೆ ಹೋದರೆ ಇನ್ನೊಂದು ಮೂರು ಸೂಜಿಯ ಪೈನ್ ಇದೆ, ಚಿಲ್ಗೋಜಾ. ಸೂಜಿ ಗಿಡ್ಡ, ತೊಗಟೆ ಬೂದು ಬಣ್ಣದ ಚಕ್ಕೆಯಾಗಿ ಸುಲಿಯುತ್ತದೆ. ಕ್ರಾಫರ್ಡ್ ಮಾರ್ಕೆಟ್ಟಿನ ಡ್ರೈ ಫ್ರೂಟ್ ಅಂಗಡಿಯಲ್ಲಿ ದುಬಾರಿ ಬೆಲೆಗೆ ಸಿಗುವ ಚಿಲ್ಗೋಜಾ ಈ ಮರದ ಬೀಜವೇ.

ಸೂಜಿಗಳು ಗಿಡ್ಡ ಮೊಟಕು ಕಡ್ಡಿಯ ತುದಿಯಲ್ಲಿ ಸುತ್ತಲೂ ಗೊಂಚಲಾಗಿ ಹರಡಿದ್ದರೆ ದೇವದಾರು. ಇಲ್ಲಿ ಒಂದು ಗೊಂದಲ ಆಗುತ್ತದೆ. ಕೊಂಬೆಯ ತುದಿಯಲ್ಲಿ ಆ ವರ್ಷ ಬೆಳೆದ ಹೊಸ ಚಿಗುರಿನ ಮೇಲೆ ಸೂಜಿಗಳು ಒಂಟಿಯಾಗೇ ಇರುತ್ತವೆ. ಅದನ್ನಷ್ಟೇ ನೋಡಿದರೆ ಸ್ಪ್ರೂಸ್ ಅಂದುಬಿಡುತ್ತೀರಿ. ಒಂದು ಮೊಳ ಹಿಂದಕ್ಕೆ, ಹಳೆಯ ಭಾಗಕ್ಕೆ ಬನ್ನಿ, ಗೊಂಚಲು ಅಲ್ಲಿ ಸಿಗುತ್ತದೆ. ದೇವದಾರು ನೋಡೋಕೆ ತೀರಾ ಸುಲಭದ ಜಾಗ ಮನಾಲಿಯ ಹಿಡಿಂಬಾ ಗುಡಿ. 1553ರಲ್ಲಿ ಕಟ್ಟಿದ್ದು ಅನ್ನುತ್ತಾರೆ. ಸುತ್ತ ದೊಡ್ಡ ದೊಡ್ಡ ದೇವದಾರುಗಳ ತೋಪು. ವಯಸ್ಸಾದವರು, ಮಕ್ಕಳು ಎಲ್ಲರೂ ಆರಾಮಾಗಿ ನಡೆದುಕೊಂಡು ನೋಡಬಹುದು. ಹಿಮಾಚಲದ ರಾಜ್ಯ ಮರವೂ ಇದೇ.

ಇನ್ನು ಸೂಜಿ ಒಂಟಿಯಾಗಿ, ಕಡ್ಡಿಗೆ ನೇರವಾಗಿ ಅಂಟಿಕೊಂಡಿದ್ದರೆ ಮೂರು ಸಾಧ್ಯತೆ: ಸ್ಪ್ರೂಸ್, ಫರ್, ಯೂ. ಜನ ಜಾಸ್ತಿ ಎಡವೋದು ಇಲ್ಲೇ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಒಂದು ಸೂಜಿ ಕಿತ್ತು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹೊರಳಿಸಿ. ಸಲೀಸಾಗಿ ಉರುಳಿದರೆ ಸ್ಪ್ರೂಸ್, ಯಾಕಂದ್ರೆ ಅದಕ್ಕೆ ನಾಲ್ಕು ಮೂಲೆ ಇದೆ. ಉರುಳದೆ ಜಾರಿದರೆ ಅದು ಚಪ್ಪಟೆ, ಅಂದರೆ ಫರ್ ಅಥವಾ ಯೂ. ಈಗ ಸೂಜಿ ಉದುರಿದ ಒಣ ಕಡ್ಡಿಯ ಮೇಲೆ ಬೆರಳು ಸವರಿ. ಸ್ಪ್ರೂಸ್ ಸೂಜಿ ಒಂದು ಸಣ್ಣ ಮರದ ಗೂಟದ ಮೇಲೆ ಕೂತಿರುತ್ತದೆ. ಸೂಜಿ ಬಿದ್ದರೂ ಗೂಟ ಉಳಿಯುತ್ತದೆ, ಹಾಗಾಗಿ ಕಡ್ಡಿ ಕಾಯಿ ತುರಿಯೋ ಮಣೆಯ ಹಾಗೆ ಒರಟಾಗಿರುತ್ತದೆ. ಫರ್ ಕಡ್ಡಿ ನುಣುಪು. ಸೂಜಿ ಇದ್ದ ಕಡೆ ದುಂಡನೆಯ ಚಪ್ಪಟೆ ಕಲೆ ಮಾತ್ರ ಇರುತ್ತದೆ, ಲೆನ್ಸಿನಲ್ಲಿ ಚೆನ್ನಾಗಿ ಕಾಣುತ್ತದೆ. ಕತ್ತಲಲ್ಲೂ ಬರೀ ಬೆರಳಿನಿಂದ ಹೇಳಿಬಿಡಬಹುದಾದ ಪರೀಕ್ಷೆ ಇದು. ನನಗೆ ಇದಕ್ಕಿಂತ ಖಚಿತವಾದ ಗುರುತು ಬೇರೆ ಇಲ್ಲ.

ಫರ್ ಸೂಜಿಯನ್ನು ತಿರುಗಿಸಿ ನೋಡಿ. ಅಡಿಯಲ್ಲಿ ಎರಡು ಬಿಳಿ ಪಟ್ಟಿ ಉದ್ದಕ್ಕೂ ಇರುತ್ತವೆ. ಅವು ಉಸಿರಾಡುವ ರಂಧ್ರಗಳ ಸಾಲು. ಪಶ್ಚಿಮ ಹಿಮಾಲಯದ ಫರ್, ಏಬೀಸ್ ಪಿಂಡ್ರೋ, ಸೂಜಿಯ ತುದಿ ಸೀಳಿಕೊಂಡು ಎರಡು ಮೊನೆ ಆಗಿರುತ್ತದೆ. ಹಿಮಾಚಲದವರು ಫರ್‌ಗೆ ತೋಶ್ ಅನ್ನುತ್ತಾರೆ, ಸ್ಪ್ರೂಸ್‌ಗೆ ರೈ ಅನ್ನುತ್ತಾರೆ. ಹೋಮ್‌ಸ್ಟೇಯವರ ಹತ್ತಿರ ಈ ಹೆಸರಲ್ಲೇ ಕೇಳಿ, ತಕ್ಷಣ ತೋರಿಸುತ್ತಾರೆ.

ಯೂ ಮರ ಇವೆರಡರಷ್ಟು ಎತ್ತರಕ್ಕೆ ಹೋಗುವುದಿಲ್ಲ. ದೊಡ್ಡ ಮರಗಳ ನೆರಳಲ್ಲಿ ನಿಂತಿರುತ್ತದೆ. ಉತ್ತರಾಖಂಡದಲ್ಲಿ ಥುನೇರ್ ಅನ್ನುತ್ತಾರೆ. ಸೂಜಿ ಚಪ್ಪಟೆ, ತುದಿ ಚೂಪು, ಅಡಿಯಲ್ಲಿ ಬಿಳಿ ಪಟ್ಟಿ ಇಲ್ಲ, ಪೇಲವ ಹಸಿರು. ತೊಗಟೆ ಕೆಂಪು ಕಂದು, ತೆಳುವಾಗಿ ಸುಲಿಯುತ್ತದೆ. ಪೈನ್, ಫರ್‌ಗಳ ಹಾಗೆ ಕಾಯಿ (ಕೋನ್) ಇಲ್ಲ, ಬದಲಿಗೆ ಒಂದೊಂದೇ ಬೀಜದ ಸುತ್ತ ಕೆಂಪು ರಸಭರಿತ ಬಟ್ಟಲು. ನೋಡೋಕೆ ಚೆಂದ, ಮಕ್ಕಳ ಕೈ ಅದರ ಮೇಲೇ ಹೋಗುತ್ತದೆ. ಬಿಡಬೇಡಿ. ಆ ಕೆಂಪು ತಿರುಳು ಒಂದನ್ನು ಬಿಟ್ಟು ಬೀಜ, ಎಲೆ, ತೊಗಟೆ ಎಲ್ಲವೂ ವಿಷ. ಪ್ಯಾಕ್ಲಿಟ್ಯಾಕ್ಸೆಲ್ ಅನ್ನೋ ಕ್ಯಾನ್ಸರ್ ಔಷಧ ಬಂದಿದ್ದು ಯೂ ಜಾತಿಯ ಮರಗಳಿಂದ. ಆ ಬೇಡಿಕೆಗೆ ತೊಗಟೆ, ಎಲೆ ಕಿತ್ತು ಕಿತ್ತು ಹಿಮಾಲಯದ ಯೂ ಅಳಿವಿನಂಚಿಗೆ ಬಂದಿದೆ. ಸಿಕ್ಕರೆ ನಿಂತು ನೋಡಿ, ಒಂದು ಎಲೆಯನ್ನೂ ಕೀಳಬೇಡಿ.

ಕೊಂಬೆ ಎಟುಕದಿದ್ದರೆ

ಎಷ್ಟೋ ಕಡೆ ಮೊದಲ ಕೊಂಬೆಯೇ ನಮ್ಮ ತಲೆಯಿಂದ ಹತ್ತಾರು ಅಡಿ ಮೇಲಿರುತ್ತದೆ. ಆಗ ನೆಲ ನೋಡಿ. ಫರ್ ಮತ್ತು ದೇವದಾರು ಕಾಯಿಗಳು ಕೊಂಬೆಯ ಮೇಲೆ ನೆಟ್ಟಗೆ ನಿಲ್ಲುತ್ತವೆ, ಬಲಿತ ಮೇಲೆ ಮರದಲ್ಲೇ ಬಿಡಿಬಿಡಿಯಾಗಿ ಉದುರಿಬಿಡುತ್ತವೆ. ಅದಕ್ಕೇ ಫರ್ ಮರದಡಿ ಇಡೀ ಕಾಯಿ ಸಿಗೋದು ಅಪರೂಪ, ಬರೀ ಸಿಪ್ಪೆ ಮತ್ತು ರೆಕ್ಕೆ ಬೀಜ ಚೆಲ್ಲಿರುತ್ತದೆ. ಬೈನಾಕ್ಯುಲರ್ ಇದ್ದರೆ ಮೇಲೆ ನೋಡಿ, ಕಾಯಿಯ ನಡುಗಡ್ಡಿ ಮಾತ್ರ ಇನ್ನೂ ನಿಂತಿರುತ್ತದೆ. ಹೊಸ ಫರ್ ಕಾಯಿಯ ಬಣ್ಣ ಮಾತ್ರ ಅದ್ಭುತ, ಕಡು ನೇರಳೆ. ದೇವದಾರು ಕಾಯಿ ಬಿಡಿಯಾದಾಗ ಅದರ ನೆತ್ತಿಯ ಭಾಗ ಒಟ್ಟಾಗಿ ಬೀಳುತ್ತದೆ, ಪಕ್ಕಾ ಮರದಲ್ಲಿ ಕೆತ್ತಿದ ಗುಲಾಬಿ. ಶಿಮ್ಲಾ, ಮನಾಲಿಯ ಅಂಗಡಿಗಳಲ್ಲಿ ಅಲಂಕಾರಕ್ಕೆ ಮಾರುವುದು ಇದನ್ನೇ.

ಸ್ಪ್ರೂಸ್ ಮತ್ತು ಪೈನ್ ಕಾಯಿ ಇಡಿಯಾಗಿ ಬೀಳುತ್ತವೆ. ಉದ್ದನೆಯ ಕಾಯಿ, ಸಿಪ್ಪೆಗಳ ಮೇಲೆ ಬಿಳಿ ರಾಳ ಸುರಿದು ಒಣಗಿದೆ, ಕೈಗೆ ಅಂಟುತ್ತದೆ ಅಂದರೆ ಕೈಲ್. ಅದಕ್ಕಿಂತ ಗಿಡ್ಡ, ಸಿಪ್ಪೆಯ ಅಂಚು ದುಂಡು, ಅಂಟಿಲ್ಲ ಅಂದರೆ ಸ್ಪ್ರೂಸ್. ಗಟ್ಟಿಯಾದ, ಮೊಟ್ಟೆ ಆಕಾರದ ದಪ್ಪ ಕಾಯಿ ಆದರೆ ಚೀರ್.

ಎಳೆಯ ಕೈಲ್ ಮರ ಸಿಕ್ಕರೆ ವಯಸ್ಸನ್ನೂ ಅಂದಾಜು ಮಾಡಬಹುದು. ವರ್ಷಕ್ಕೆ ಒಂದು ಸುತ್ತು ಕೊಂಬೆ ಹೊರಡುತ್ತದೆ. ಬುಡದಿಂದ ಸುತ್ತುಗಳನ್ನು, ಬಿದ್ದುಹೋದ ಕೊಂಬೆಗಳ ಗುರುತನ್ನೂ ಸೇರಿಸಿ ಎಣಿಸಿ. ಮೊದಲ ಕೆಲವು ವರ್ಷ ಸರಿಯಾಗಿ ಕಾಣೋದಿಲ್ಲ, ಅಷ್ಟನ್ನು ಮೇಲೆ ಕೂಡಿಸಿಕೊಳ್ಳಿ. ಮಕ್ಕಳಿಗೆ ಈ ಲೆಕ್ಕ ತುಂಬಾ ಹಿಡಿಸುತ್ತದೆ.

ಎತ್ತರ ಮತ್ತು ದಿಕ್ಕು

ಪ್ರತಿ 1000 ಮೀಟರ್ ಮೇಲೇರಿದರೆ ಸುಮಾರು 6.5 ಡಿಗ್ರಿ ತಂಪಾಗುತ್ತದೆ. ಮಹಾರಾಷ್ಟ್ರದ ಅತಿ ಎತ್ತರದ ಶಿಖರ ಕಳಸೂಬಾಯಿ 1646 ಮೀಟರ್. ನಾವು ಹೇಳುತ್ತಿರುವ ದೇವದಾರು, ಸ್ಪ್ರೂಸ್, ಫರ್ ಕಾಡು ಹೆಚ್ಚು ಕಡಿಮೆ ಅಲ್ಲಿಂದ ಮೇಲೆ ಶುರು. ಪಶ್ಚಿಮ ಹಿಮಾಲಯದಲ್ಲಿ ಒರಟಾಗಿ ಹೇಳೋದಾದರೆ 1800 ಮೀಟರ್‌ವರೆಗೆ ಚೀರ್, ಆಮೇಲೆ ದೇವದಾರು ಮತ್ತು ಕೈಲ್, 2100ರ ಮೇಲೆ ಸ್ಪ್ರೂಸ್ ಸೇರಿಕೊಳ್ಳುತ್ತದೆ, 2400 ದಾಟಿದ ಮೇಲೆ ಫರ್. ಒಂದರ ಮೇಲೊಂದು ಹಾಯುತ್ತವೆ, ಗೆರೆ ಎಳೆದ ಹಾಗೆ ಬೇರೆಯಾಗುವುದಿಲ್ಲ. ಫೋನಿನ ಜಿಪಿಎಸ್ ನೆಟ್‌ವರ್ಕ್ ಇಲ್ಲದೆಯೂ ಎತ್ತರ ತೋರಿಸುತ್ತದೆ, ನೋಡುತ್ತಾ ಇರಿ.

ಎತ್ತರದಷ್ಟೇ ಮುಖ್ಯ ಇಳಿಜಾರಿನ ದಿಕ್ಕು. ಇದನ್ನು ಯಾರೂ ಹೇಳಿಕೊಡುವುದಿಲ್ಲ. ಉತ್ತರಕ್ಕೆ ಮುಖ ಮಾಡಿದ ಇಳಿಜಾರಿಗೆ ಬಿಸಿಲು ಕಡಿಮೆ, ಹಿಮ ತಡವಾಗಿ ಕರಗುತ್ತದೆ, ಮಣ್ಣು ತೇವ. ಅಲ್ಲಿ ಫರ್, ಸ್ಪ್ರೂಸ್ ಒತ್ತೊತ್ತಾಗಿ ನಿಲ್ಲುತ್ತವೆ. ಅದೇ ಕಣಿವೆಯ ಎದುರಿನ, ದಕ್ಷಿಣಕ್ಕೆ ಮುಖ ಮಾಡಿದ ಗುಡ್ಡದಲ್ಲಿ ಹುಲ್ಲು, ಅಲ್ಲೊಂದು ಇಲ್ಲೊಂದು ಕೈಲ್. ಕಣಿವೆ ನಡುವೆ ನಿಂತು ಎರಡೂ ಕಡೆ ತಿರುಗಿ ನೋಡಿ, ಒಂದೇ ಎತ್ತರದಲ್ಲಿ ಎರಡು ಬೇರೆ ಬೇರೆ ಕಾಡು ಕಾಣುತ್ತದೆ.

ಒಂದೇ ದಿನದಲ್ಲಿ ಇದೆಲ್ಲ ನೋಡಬೇಕು ಅಂದರೆ ನನ್ನ ಸಲಹೆ ನಾರ್ಕಂಡಾ. ಶಿಮ್ಲಾದಿಂದ ಮುಂದೆ, ಸುಮಾರು 2700 ಮೀಟರ್. ಅಲ್ಲಿಂದ ಹಾಟು ಶಿಖರಕ್ಕೆ, ಸುಮಾರು 3400 ಮೀಟರ್, ರಸ್ತೆ ಇದೆ. ಕಾರು ಮೇಲಕ್ಕೆ ಹೋಗುತ್ತದೆ, ಆದರೆ ಇಳಿಯುವಾಗಲಾದರೂ ನಡೆಯಿರಿ. ದೇವದಾರು, ಕೈಲ್, ಸ್ಪ್ರೂಸ್, ಫರ್, ಜೊತೆಗೆ ಖರ್ಸು ಓಕ್ ಎಲ್ಲ ಆ ಒಂದೇ ದಾರಿಯಲ್ಲಿ. ಟ್ರೆಕ್ ಮಾಡುವವರಿಗೆ ಚೋಪ್ತಾದಿಂದ ತುಂಗನಾಥ ಒಳ್ಳೆಯದು. ಗುಡಿ ಇರೋದು 3680 ಮೀಟರ್‌ನಲ್ಲಿ, ಕಾಡು ಮುಗಿದು ಹುಲ್ಲುಗಾವಲು ಶುರುವಾಗುವ ಜಾಗ ದಾರಿಯಲ್ಲೇ ಸಿಗುತ್ತದೆ.

ಆ ಕಾಡು ಮುಗಿಯುವ ಜಾಗದಲ್ಲಿ ಸ್ವಲ್ಪ ಹೊತ್ತು ಕಳೆಯಿರಿ. ಕೊನೆಯ ಫರ್‌ಗಳ ಜೊತೆ ಅಲ್ಲಿ ಭೋಜವೃಕ್ಷ ಇರುತ್ತದೆ. ಇದು ಸೂಜಿ ಎಲೆಯದಲ್ಲ, ಚಳಿಗಾಲಕ್ಕೆ ಎಲೆ ಉದುರಿಸುವ ಬರ್ಚ್. ಬಿಳಿ ತೊಗಟೆ ಕಾಗದದ ಹಾಳೆಯಾಗಿ ಬಿಚ್ಚಿಕೊಳ್ಳುತ್ತದೆ. ಹಳೆಯ ಕಾಲದಲ್ಲಿ ಬರೆಯುತ್ತಿದ್ದದ್ದು ಇದರ ಮೇಲೇ. 1881ರಲ್ಲಿ ಸಿಕ್ಕ ಬಖ್ಷಾಲಿ ಗಣಿತದ ಹಸ್ತಪ್ರತಿ ಭೂರ್ಜಪತ್ರದ್ದು, ಅಂದರೆ ಇದೇ ತೊಗಟೆಯದ್ದು. ನೆನಪಿಗೆ ಅಂತ ತೊಗಟೆ ಸುಲಿಯುವವರನ್ನು ಕಂಡರೆ ನಿಲ್ಲಿಸಿ. ಗಂಗೋತ್ರಿಯಿಂದ ಗೋಮುಖದ ದಾರಿಯ ಭೋಜ್‌ಬಾಸಾಗೆ ಹೆಸರು ಬಂದಿದ್ದೇ ಈ ಮರದಿಂದ. ಉರುವಲಿಗೆ ಕಡಿದು ಅಲ್ಲಿ ಮರವೇ ಇಲ್ಲದ ಹಾಗಾಯಿತು. ಪರ್ವತಾರೋಹಿ ಹರ್ಷವಂತಿ ಬಿಷ್ಟ್ ಅಲ್ಲಿ ಮತ್ತೆ ಸಸಿ ನೆಟ್ಟು ಬೆಳೆಸುವ ಕೆಲಸ ಮಾಡಿದರು. ಅಷ್ಟು ಎತ್ತರದಲ್ಲಿ ಒಂದು ಸಸಿ ಬದುಕಿಸೋದು ಸುಮ್ನೆ ಮಾತಲ್ಲ.

ಭೋಜದ ಆಸುಪಾಸಿನಲ್ಲೇ ಬಾಗಿ ನೆಲಕ್ಕೆ ಒರಗಿದ ರೋಡೊಡೆಂಡ್ರಾನ್ ಪೊದೆಗಳು. ಎಲೆ ತಿರುಗಿಸಿದರೆ ಅಡಿಯಲ್ಲಿ ತುಕ್ಕಿನ ಬಣ್ಣದ ನವಿರು. ಹೂ ತಿಳಿ ನೇರಳೆ, ಮೇ, ಜೂನ್‌ನಲ್ಲಿ. ಕೆಳಗಿನ ಕಾಡಿನಲ್ಲಿ ಮರವಾಗಿ ಬೆಳೆದು ಕೆಂಪು ಹೂ ಬಿಡೋದು ಇದರ ಅಣ್ಣ ಬುರಾನ್ಸ್, ಉತ್ತರಾಖಂಡದ ರಾಜ್ಯ ಮರ. ಆ ಹೂ ಬೇಕಿದ್ದರೆ ಮಾರ್ಚ್, ಏಪ್ರಿಲ್‌ನಲ್ಲೇ ಹೋಗಬೇಕು. ಇನ್ನೂ ಮೇಲೆ ಹೋದರೆ ನೆಲಕ್ಕೆ ಅಂಟಿದ ಜೂನಿಪರ್, ಧೂಪಕ್ಕೆ ಉರಿಸುವುದು.

ಮರದ ಕೆಳಗೆ

ಇಲ್ಲಿ ಸಿಂಹಗಡ, ಹರಿಶ್ಚಂದ್ರಗಡ ಸುತ್ತಿದವರಿಗೆ ಒಂದು ಅನುಕೂಲ ಇದೆ. ಮಳೆಗಾಲದ ಸಹ್ಯಾದ್ರಿಯಲ್ಲಿ ನೋಡಿದ ಕೆಲವು ಗಿಡಗಳ ಬಳಗ ಹಿಮಾಲಯದ ಸೂಜಿ ಎಲೆ ಕಾಡಿನ ನೆಲದಲ್ಲೂ ಇದೆ. ಸಾಪ್‌ಕಾಂದಾ ಗೊತ್ತಲ್ಲ, ಹೆಡೆ ಎತ್ತಿದ ಹೂ? ಅರಿಸೀಮಾ ಟಾರ್ಚುವೋಸಮ್ ಅನ್ನೋ ಜಾತಿ ಎರಡೂ ಕಡೆ ಬೆಳೆಯುತ್ತದೆ. ಹೆಡೆಯ ಒಳಗಿಂದ ಉದ್ದ ನಾಲಿಗೆ ಹೊರಗೆ ಚಾಚಿರುತ್ತದೆ. ಈ ಗಿಡ ಚಿಕ್ಕದಿದ್ದಾಗ ಗಂಡು, ಗೆಡ್ಡೆ ಬಲಿತು ದೊಡ್ಡದಾದ ಮೇಲೆ ಹೆಣ್ಣು ಹೂವನ್ನೂ ಬಿಡುತ್ತದೆ. ಕಾಯಿ ಬೆಳೆಸೋಕೆ ಶಕ್ತಿ ಬೇಕಲ್ಲ! ಕಾಸ್ ಪಠಾರದಲ್ಲಿ ಗುಲಾಬಿ ಹಾಸಿನಂತೆ ಅರಳುವ ತೇರಡಾ, ನಮ್ಮ ಕರ್ಣಕುಂಡಲದ ಬಳಗ, ಅದರ ಬಂಧುಗಳು ಹಿಮಾಲಯದ ತೊರೆಗಳ ಪಕ್ಕ ಆಳೆತ್ತರ ಬೆಳೆಯುತ್ತವೆ. ಬಲಿತ ಕಾಯಿ ಮುಟ್ಟಿದರೆ ಇಲ್ಲಿಯ ಹಾಗೇ ಸಿಡಿಯುತ್ತದೆ. ಸಹ್ಯಾದ್ರಿಯ ಕಾರ್ವಿ ಪೊದೆಯ ನೆಂಟರೂ ಇದ್ದಾರೆ, ನೇರಳೆ ಹೂವಿನ ಸಣ್ಣ ಗಿಡಗಳು.

ಹೊಸದಾಗಿ ಕಲಿಯಬೇಕಾದವು ಬೇರೆ. ಕಾಡು ಸ್ಟ್ರಾಬೆರಿ ಎಲ್ಲೆಡೆ ಸಿಗುತ್ತದೆ. ಮೂರು ಎಲೆ, ನಡುವೆ ಒಂದೇ ಹೂ ಇರುವ ಗಿಡ ಕಂಡರೆ ಅದು ಟ್ರಿಲಿಯಂ, ಊರಿನವರ ಬಾಯಲ್ಲಿ ನಾಗ್ ಛತ್ರಿ. ಅದರ ಗೆಡ್ಡೆಗೆ ಕಳ್ಳ ಮಾರುಕಟ್ಟೆ ಇದೆ, ಕಿತ್ತು ಕಿತ್ತು ಕಡಿಮೆಯಾಗಿದೆ. ಇದರ ಜಾಗವನ್ನು ಎಲ್ಲರಿಗೂ ಕಾಣುವ ಹಾಗೆ ಹಾಕಬೇಡಿ. ತುರಿಕೆ ಗಿಡ, ಬಿಚ್ಛೂ ಘಾಸ್, ದಾರಿ ಪಕ್ಕದಲ್ಲೇ ಇರುತ್ತದೆ. ಉದ್ದ ತೋಳಿನ ಅಂಗಿ ಹಾಕಿ.

ಇನ್ನೊಂದನ್ನು ನೀವು ಈಗಾಗಲೇ ತಿಂದಿದ್ದೀರಿ. ಗೋಡಾ ಮಸಾಲೆಗೆ ಹಾಕುವ ದಗಡ್‌ಫೂಲ್, ನಮ್ಮ ಕಲ್ಲುಹೂ, ಅದು ಹೂವೂ ಅಲ್ಲ, ಕಲ್ಲಿಗೆ ಮಾತ್ರ ಸೇರಿದ್ದೂ ಅಲ್ಲ. ಅದು ಕಲ್ಲುಹಾವಸೆ, ಶಿಲೀಂಧ್ರ ಮತ್ತು ಪಾಚಿ ಕೂಡಿ ಬದುಕುವ ಜೀವ. ಉತ್ತರಾಖಂಡದ ಓಕ್ ಮತ್ತಿತರ ಮರಗಳ ತೊಗಟೆಯಿಂದ ಬಿಡಿಸಿ ಮಾರುಕಟ್ಟೆಗೆ ಕಳಿಸುತ್ತಾರೆ. ಹೋಗುವ ಮೊದಲು ಮಸಾಲೆ ಡಬ್ಬಿಯಿಂದ ಒಂದು ತುಂಡು ನೀರಲ್ಲಿ ನೆನೆಸಿ ನೋಡಿ. ಒಂದು ಕಡೆ ಬೂದು, ಇನ್ನೊಂದು ಕಡೆ ಕಪ್ಪು. ಬೆಟ್ಟದಲ್ಲಿ ತೊಗಟೆ ಮೇಲೆ ಕಂಡಾಗ ತಕ್ಷಣ ಗುರುತು ಸಿಗುತ್ತದೆ. ಫರ್ ಕೊಂಬೆಯಿಂದ ಗಡ್ಡದ ಹಾಗೆ ಜೋತಾಡುವ ತಿಳಿ ಹಸಿರು ಎಳೆಗಳೂ ಇದೇ ಗುಂಪಿನವು, ಅಸ್ನಿಯಾ. ಅದು ಧಾರಾಳವಾಗಿದ್ದರೆ ಅಲ್ಲಿಯ ಗಾಳಿ ಶುದ್ಧ ಅಂತ ಅರ್ಥ.

ಹೋಗೋಕೆ ಮುಂಚೆ ಇನ್ನೆರಡು ಮಾತು. ಕಾಯಿ ನೋಡಬೇಕು, ಆಕಾಶ ತಿಳಿಯಾಗಿರಬೇಕು ಅಂದರೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಒಳ್ಳೆಯದು. ದೇವದಾರು ಪರಾಗ ಹಾರಿಸೋದೂ ಆ ಸಮಯದಲ್ಲೇ, ಕೊಂಬೆ ಅಲ್ಲಾಡಿಸಿದರೆ ಹಳದಿ ಪುಡಿ ಏಳುತ್ತದೆ. ನೆಲದ ಹೂಗಳಿಗೆ ಜುಲೈ, ಆಗಸ್ಟ್, ಆದರೆ ಭೂಕುಸಿತದ ಭಯ ಇದ್ದೇ ಇರುತ್ತದೆ. ಸಮುದ್ರ ಮಟ್ಟದ ಮುಂಬೈಯಿಂದ ಹೋದವರಿಗೆ 2500 ಮೀಟರ್ ಮೇಲೆ ತಲೆನೋವು, ವಾಕರಿಕೆ ಬರಬಹುದು. 3000 ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಏರಿಸಬೇಡಿ. ತಲೆನೋವು ಜಾಸ್ತಿ ಆದರೆ ಕೆಳಗೆ ಇಳಿಯಿರಿ, ಮರ ಅಲ್ಲೇ ಇರುತ್ತದೆ. ಗ್ರೇಟ್ ಹಿಮಾಲಯನ್ ನ್ಯಾಷನಲ್ ಪಾರ್ಕ್‌ನಂಥ ಕಡೆ ಬಿದ್ದ ಕಾಯಿಯನ್ನೂ ಎತ್ತಿಕೊಂಡು ಬರುವ ಹಾಗಿಲ್ಲ.

ಫೋಟೋ ತೆಗೆಯುವಾಗ ಇಡೀ ಮರದ್ದು ಒಂದು ಸಾಕು. ಆಮೇಲೆ ತೊಗಟೆ, ಸೂಜಿ ಕಡ್ಡಿಗೆ ಕೂತ ಜಾಗ, ಸೂಜಿಯ ಅಡಿಭಾಗ, ಕಾಯಿ, ಇಷ್ಟನ್ನೂ ಹತ್ತಿರದಿಂದ ತೆಗೆಯಿರಿ. ಅಳತೆಗೆ ಪಕ್ಕದಲ್ಲಿ ಒಂದು ನಾಣ್ಯ ಇಡಿ, ಎತ್ತರ ಮತ್ತು ಇಳಿಜಾರಿನ ದಿಕ್ಕು ಬರೆದುಕೊಳ್ಳಿ. ಐನ್ಯಾಚುರಲಿಸ್ಟ್ ಆ್ಯಪ್‌ಗೆ ಹಾಕಿದರೆ ತಿಳಿದವರು ಹೆಸರು ಹೇಳುತ್ತಾರೆ. ಆದರೆ ಸೂಜಿಯ ಅಡಿಭಾಗದ ಫೋಟೋ ಇಲ್ಲದೆ ಫರ್ ಯಾವುದು, ಯೂ ಯಾವುದು ಅಂತ ಖಚಿತವಾಗಿ ಹೇಳೋದು ಅವರಿಗೂ ಕಷ್ಟ, ಅದೊಂದನ್ನು ಮಾತ್ರ ಬಿಡಬೇಡಿ.